ಸರಕಿಗೆ ಸೇತುವೆ, ಮನುಷ್ಯನಿಗೆ ಹೊಳೆ

ಥಾಯ್ಲೆಂಡಿನ ಪಶ್ಚಿಮದ ಅಂಚಿನಲ್ಲಿ ಮೇ ಸೋಟ್ ಎಂಬ ಪಟ್ಟಣವಿದೆ. ಅದರ ಎದುರಿಗೆ, ಮೋಯೇ ನದಿಯ ಆಚೆ ದಡದಲ್ಲಿ, ಮ್ಯಾನ್ಮಾರ್ ದೇಶದ ಮ್ಯಾವಡಿ ಪಟ್ಟಣವಿದೆ. ಇವೆರಡನ್ನೂ ಬೆಸೆಯುವ 'ಗೆಳೆತನದ ಸೇತುವೆ' 1997ರಲ್ಲಿ ಸಂಚಾರಕ್ಕೆ ತೆರೆಯಿತು. ಅದೇ ವರ್ಷ ಮ್ಯಾನ್ಮಾರ್ ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್‌ನ ಸದಸ್ಯತ್ವ ಪಡೆಯಿತು. ಸರಕು ಸಾಗಿಸುವ ಲಾರಿಗಳಿಗೆಂದೇ ಎರಡನೆಯ ಸೇತುವೆಯೊಂದು 2019ರಲ್ಲಿ ಸಿದ್ಧವಾಯಿತು. ಆದರೆ ಆ ಗಡಿಗೆ ಹೋಗಿಬಂದವರು ವರ್ಷಗಳ ಕಾಲ ಕಂಡು ಹೇಳಿದ ದೃಶ್ಯವೊಂದಿದೆ. ಮೇಲೆ ಸೇತುವೆಯ ಮೇಲೆ ಮುದ್ರೆ ಒತ್ತಿದ ಕಾಗದಗಳೊಂದಿಗೆ ಸರಕು ಸಾಗುತ್ತದೆ. ಕೆಳಗೆ ಹೊಳೆಯಲ್ಲಿ, ಸಣ್ಣ ದೋಣಿಯಲ್ಲಿಯೋ ಗಾಳಿ ತುಂಬಿದ ಟಯರು ಟ್ಯೂಬಿನ ಮೇಲೆಯೋ ಕುಳಿತು, ಕೂಲಿ ಹುಡುಕಿಕೊಂಡು ಮನುಷ್ಯರು ದಾಟುತ್ತಾರೆ.

ಪ್ರಿಯ ಓದುಗರೇ, ಒಂದು ಪ್ರದೇಶದ ಆರ್ಥಿಕ ಸಹಕಾರದ ಕುರಿತು ಗ್ರಂಥಗಟ್ಟಲೆ ಬರೆಯಬಹುದು. ಆದರೆ ಆ ಸಹಕಾರದ ಒಳಹೂರಣವನ್ನು ತಿಳಿಯಲು ಈ ಒಂದು ನೋಟವೇ ಸಾಕೆಂದು ನನಗೆ ತೋರುತ್ತದೆ. ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ಆದರೂ ಸೇತುವೆ ಯಾರಿಗೆ, ಹೊಳೆ ಯಾರಿಗೆ ಎಂದು ಕೇಳಲು ಪಾಂಡಿತ್ಯ ಬೇಕಾಗಿಲ್ಲ.

ಹೊಗಳಬೇಕಾದುದನ್ನು ಮೊದಲು ಹೊಗಳೋಣ

ಆಸಿಯಾನ್ ಹುಟ್ಟಿದ್ದು 1967ರ ಆಗಸ್ಟ್ 8ರಂದು, ಬ್ಯಾಂಕಾಕ್ ನಗರದಲ್ಲಿ. ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಾಪುರ ಮತ್ತು ಥಾಯ್ಲೆಂಡ್ ಅದರ ಸ್ಥಾಪಕ ಸದಸ್ಯರು. ಆ ಹೊತ್ತಿಗೆ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳ ನಡುವಿನ ಸಶಸ್ತ್ರ ಮುಖಾಮುಖಿ ಮುಗಿದು ಒಂದು ವರ್ಷವಷ್ಟೇ ಕಳೆದಿತ್ತು. ಪಕ್ಕದಲ್ಲೇ ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು. ಅಂತಹ ಕಾಲದಲ್ಲಿ ಐದು ದೇಶಗಳು ಒಂದೇ ಮೇಜಿನ ಸುತ್ತ ಕುಳಿತದ್ದು ಸಣ್ಣ ಸಂಗತಿಯಲ್ಲ. ಬಳಿಕ 1984ರಲ್ಲಿ ಬ್ರೂನೈ, 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ, ಕೊನೆಗೆ 2025ರ ಅಕ್ಟೋಬರ್ 26ರಂದು ತಿಮೋರ್ ಲೆಸ್ತೆ ಸೇರಿಕೊಂಡವು. ಇಂದು ಹನ್ನೊಂದು ರಾಷ್ಟ್ರಗಳು, ಸುಮಾರು ಎಪ್ಪತ್ತು ಕೋಟಿ ಜನರು ಈ ಸೂರಿನಡಿ ಇದ್ದಾರೆ. ಶತ್ರುವಾಗಿದ್ದ ವಿಯೆಟ್ನಾಮನ್ನೇ ಒಳಗೆ ಕರೆದುಕೊಂಡ ಔದಾರ್ಯವನ್ನು ನಾವು ದಕ್ಷಿಣ ಏಷ್ಯಾದವರು ತಲೆಬಾಗಿ ನೋಡಬೇಕು. ನಮ್ಮ ಸಾರ್ಕ್ ಒಕ್ಕೂಟದ ಸ್ಥಿತಿಯನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿಯುತ್ತದೆ.

ವ್ಯಾಪಾರದ ಮಾತಿಗೆ ಬಂದರೆ, 1992ರ ಜನವರಿಯಲ್ಲಿ ಸಿಂಗಾಪುರದಲ್ಲಿ ಮುಕ್ತ ವ್ಯಾಪಾರ ವಲಯದ ಒಪ್ಪಂದಕ್ಕೆ ಸಹಿ ಬಿತ್ತು. ಸದಸ್ಯ ದೇಶಗಳ ನಡುವಣ ಸುಂಕವನ್ನು ಹಂತಹಂತವಾಗಿ ನೂರಕ್ಕೆ ಐದಕ್ಕೆ ಇಳಿಸುವುದೆಂದು ಆಗ ನಿರ್ಧಾರವಾಯಿತು. 2010ರಲ್ಲಿ ಜಾರಿಗೆ ಬಂದ ಸರಕು ವ್ಯಾಪಾರ ಒಪ್ಪಂದವು ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಇಂದು ಈ ದೇಶಗಳ ನಡುವೆ ಓಡಾಡುವ ಬಹುಪಾಲು ಸರಕುಗಳ ಮೇಲೆ ಸುಂಕವೇ ಇಲ್ಲ. 2015ರ ಡಿಸೆಂಬರ್ 31ರಂದು 'ಆಸಿಯಾನ್ ಆರ್ಥಿಕ ಸಮುದಾಯ' ಅಸ್ತಿತ್ವಕ್ಕೆ ಬಂತು. 1986ರಲ್ಲಿ ಆರ್ಥಿಕ ಸುಧಾರಣೆಗೆ ಕೈಹಾಕಿದ ವಿಯೆಟ್ನಾಂ ಹೊರಗಿನ ಮಾರುಕಟ್ಟೆಗಳಿಗೆ ಬಾಗಿಲು ತೆರೆದು ಕೋಟ್ಯಂತರ ಜನರನ್ನು ಕಡು ಬಡತನದಿಂದ ಮೇಲೆತ್ತಿದೆ. ಇದನ್ನು ಅಲ್ಲಗಳೆಯುವವನು ಸತ್ಯಕ್ಕೆ ದ್ರೋಹ ಬಗೆದಂತೆ. ವ್ಯಾಪಾರವೆಂದರೆ ಲೂಟಿ, ಹೊರಗಿನವನೆಂದರೆ ಕಳ್ಳ ಎಂಬ ಕೂಗಿಗೆ ದನಿಗೂಡಿಸಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ.

ನನ್ನ ತಕರಾರು ಬೇರೆಯದು. 'ಸಮುದಾಯ' ಎಂಬ ಪದ ಬಹಳ ದೊಡ್ಡದು. ಆ ಪದವನ್ನು ಸರಕಿಗೆ ಮಾತ್ರ ಅನ್ವಯಿಸಿ, ಸರಕನ್ನು ತಯಾರಿಸುವ ಕೈಗಳನ್ನು ಅದರ ಹೊರಗಿಟ್ಟರೆ, ಅದು ಸಮುದಾಯವೆನಿಸದು, ಸಂತೆಯೆನಿಸುತ್ತದೆ.

ನಲವತ್ತು ಅಂಶದ ಸರಕು, ನೂರು ಅಂಶದ ಮನುಷ್ಯ

ಮುಕ್ತ ವ್ಯಾಪಾರದ ಈ ವ್ಯವಸ್ಥೆ ನಡೆಯುವ ಬಗೆಯನ್ನು ತುಸು ಗಮನಿಸಿರಿ. ಒಂದು ಪೆಟ್ಟಿಗೆ ಸರಕು ಸುಂಕವಿಲ್ಲದೆ ಗಡಿ ದಾಟಬೇಕಾದರೆ ಅದಕ್ಕೊಂದು ಮೂಲ ಪ್ರಮಾಣಪತ್ರ ಬೇಕು. 'ನಮೂನೆ ಡಿ' ಎಂದು ಅದಕ್ಕೆ ಹೆಸರು. ಆ ಸರಕಿನ ಮೌಲ್ಯದಲ್ಲಿ ನೂರಕ್ಕೆ ನಲವತ್ತು ಭಾಗ ಆಸಿಯಾನ್ ದೇಶಗಳಲ್ಲಿ ಉಂಟಾಗಿದ್ದರೆ ಸಾಕು. ಉಳಿದ ಅರವತ್ತು ಭಾಗ ಚೀನಾದಿಂದಲೋ ಜಪಾನಿನಿಂದಲೋ ಬಂದಿದ್ದರೂ ಅದು 'ಆಸಿಯಾನ್ ಮೂಲದ್ದು' ಎನಿಸಿಕೊಳ್ಳುತ್ತದೆ. ಇದೊಂದೇ ಅಳತೆಗೋಲಲ್ಲವಾದರೂ ಮುಖ್ಯವಾದ ಅಳತೆಗೋಲು ಇದೇ. ನಲವತ್ತು ಅಂಶ ಸ್ವಂತದ್ದಾದ ಪೆಟ್ಟಿಗೆಗೆ ಹನ್ನೊಂದು ದೇಶಗಳು ಮನೆಯ ಮಗುವಿನ ಸ್ಥಾನವನ್ನು ಕೊಡುತ್ತವೆ.

ಈಗ ಆ ಪೆಟ್ಟಿಗೆಯನ್ನು ತುಂಬಿದ ಹೆಣ್ಣುಮಗಳನ್ನು ನೋಡಿರಿ. ಅವಳು ಹುಟ್ಟಿದ್ದು ಆಸಿಯಾನ್ ನೆಲದಲ್ಲಿ. ಅವಳ ತಂದೆತಾಯಿ, ಅಜ್ಜಅಜ್ಜಿಯರು ಹುಟ್ಟಿದ್ದೂ ಅಲ್ಲಿಯೇ. ಅವಳ ನೂರಕ್ಕೆ ನೂರು ಅಂಶವೂ ಆಸಿಯಾನ್. ಆದರೆ ಅವಳು ಪಕ್ಕದ ದೇಶಕ್ಕೆ ದುಡಿಯಲು ಹೋದಾಗ ಅವಳಿಗೆ ಸಿಗುವ ಹೆಸರು 'ವಿದೇಶಿ ಕೂಲಿ'. ಕಾಗದ ತಪ್ಪಿದರೆ 'ಅಕ್ರಮ ವಲಸಿಗಳು'. ಪೆಟ್ಟಿಗೆಗೆ ನಮೂನೆ ಡಿ ಇದೆ. ಅವಳಿಗೆ ಯಾವ ನಮೂನೆಯೂ ಇಲ್ಲ.

ಇದಕ್ಕೆ ಉತ್ತರವಾಗಿ, ನುರಿತ ಕೆಲಸಗಾರರ ಸಂಚಾರಕ್ಕೂ ಆರ್ಥಿಕ ಸಮುದಾಯ ಅವಕಾಶ ಕೊಟ್ಟಿದೆಯಲ್ಲ ಎಂದು ಕೆಲವರು ಹೇಳುವುದುಂಟು. ಕೊಟ್ಟಿರುವುದು ನಿಜ. ಎಂಜಿನಿಯರರು, ದಾದಿಯರು, ವಾಸ್ತುಶಿಲ್ಪಿಗಳು, ಭೂಮಾಪಕರು, ವೈದ್ಯರು, ದಂತವೈದ್ಯರು, ಲೆಕ್ಕಪರಿಶೋಧಕರು ಮತ್ತು ಪ್ರವಾಸೋದ್ಯಮದ ಉದ್ಯೋಗಿಗಳು - ಹೀಗೆ ಎಂಟು ವೃತ್ತಿಗಳ ಅರ್ಹತೆಯನ್ನು ಪರಸ್ಪರ ಮಾನ್ಯ ಮಾಡುವ ಒಡಂಬಡಿಕೆಗಳಿವೆ. ಆದರೆ ಈ ವೃತ್ತಿಗಳಲ್ಲಿರುವವರು ಸದಸ್ಯ ದೇಶಗಳ ಒಟ್ಟು ದುಡಿಯುವ ಜನರಲ್ಲಿ ನೂರಕ್ಕೆ ಎರಡು ಮಂದಿಯೂ ಇಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕ್ 2014ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದವು. ಆ ಅಲ್ಪಸಂಖ್ಯೆಯವರಿಗೂ ದಾರಿ ಸುಗಮವಾಗಿಲ್ಲ. ಫಿಲಿಪ್ಪೀನ್ಸಿನ ದಾದಿಯೊಬ್ಬಳು ಥಾಯ್ಲೆಂಡಿನಲ್ಲಿ ಪರವಾನಗಿ ಪಡೆಯಬೇಕಾದರೆ ಥಾಯ್ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕು. ಇನ್ನು ಒಂದು ಆಸಿಯಾನ್ ದೇಶದಿಂದ ಇನ್ನೊಂದಕ್ಕೆ ಹೋಗಿ ನೆಲೆಸಿರುವವರು, ವಿಶ್ವಸಂಸ್ಥೆಯ 2020ರ ಅಂದಾಜಿನಂತೆ, ಸುಮಾರು ಎಪ್ಪತ್ತು ಲಕ್ಷ. ಇವರಲ್ಲಿ ಬಹುಪಾಲು ಜನರು ದುಡಿಯುವುದು ಮೀನುದೋಣಿಗಳಲ್ಲಿ, ತೋಟಗಳಲ್ಲಿ, ಕಟ್ಟಡಗಳಲ್ಲಿ, ಅನ್ಯರ ಅಡುಗೆಮನೆಗಳಲ್ಲಿ. ಆ ಎಂಟು ವೃತ್ತಿಗಳ ಪಟ್ಟಿಯಲ್ಲಿ ಇವರ ಕಸುಬು ಯಾವುದೂ ಇಲ್ಲ.

ಸಮುದಾಯ ಹುಟ್ಟಿದ ವರ್ಷ, ದ್ವೀಪದಲ್ಲಿ ಕಂಡ ಪಂಜರ

2015 ಆಸಿಯಾನ್ ಪಾಲಿಗೆ ಸಂಭ್ರಮದ ವರ್ಷ. ಆರ್ಥಿಕ ಸಮುದಾಯದ ಉದಯಕ್ಕೆ ಎಲ್ಲ ರಾಜಧಾನಿಗಳಲ್ಲಿಯೂ ಸಿದ್ಧತೆ ನಡೆದಿತ್ತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪತ್ರಕರ್ತೆಯರು ಇಂಡೋನೇಷ್ಯಾದ ಬೆಂಜಿನಾ ಎಂಬ ದೂರದ ದ್ವೀಪದಿಂದ ವರದಿಯೊಂದನ್ನು ಜಗತ್ತಿನ ಮುಂದಿಟ್ಟರು. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಮತ್ತು ಥಾಯ್ಲೆಂಡಿನ ಬಡ ಗಂಡಸರನ್ನು ಮೋಸದಿಂದ ಮೀನುಗಾರಿಕೆ ಹಡಗುಗಳಿಗೆ ಹತ್ತಿಸಿ, ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಸಿ, ಓಡಿಹೋಗಬಹುದೆಂಬ ಶಂಕೆಯಿದ್ದವರನ್ನು ಪಂಜರದಲ್ಲಿ ಕೂಡಿಹಾಕಿದ್ದರು. ಸತ್ತವರನ್ನು ಅಲ್ಲಿಯೇ ಹೂಳಿದ್ದರು. ಅವರು ಹಿಡಿದ ಮೀನು ಥಾಯ್ಲೆಂಡಿಗೆ ಬಂದು, ಅಲ್ಲಿಂದ ಅಮೆರಿಕದ ಅಂಗಡಿಗಳ ತನಕ ತಲುಪುತ್ತಿತ್ತು. ವರದಿಯ ಬಳಿಕ ಎರಡು ಸಾವಿರಕ್ಕೂ ಹೆಚ್ಚು ಜನರು ಬಿಡುಗಡೆ ಹೊಂದಿದರು. ಕೆಲವರು ಇಪ್ಪತ್ತು ವರ್ಷಗಳ ಬಳಿಕ ಮನೆಗೆ ಮರಳಿದರು. ಆ ವರದಿಗಳಿಗೆ 2016ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಓದುಗರೇ, ಇಲ್ಲಿ ಒಂದು ಅಂಶವನ್ನು ಎತ್ತಿ ಹೇಳದೆ ಇರಲಾರೆ. ದೋಣಿ ಒಂದು ಸದಸ್ಯ ದೇಶದ್ದು, ಕೂಲಿ ಇನ್ನೊಂದರವನು, ಕಡಲು ಮತ್ತೊಂದರದು. ಪ್ರಾದೇಶಿಕ ಸಹಕಾರವೆಂದರೆ ಇದೇ ಅಲ್ಲವೇ! ಮೀನು ಹಿಡಿಯುವುದರಲ್ಲಿ ಈ ಸಹಕಾರ ಪರಿಪೂರ್ಣವಾಗಿತ್ತು. ಮೀನುಗಾರನನ್ನು ಕಾಯುವುದರಲ್ಲಿ ಶೂನ್ಯವಾಗಿತ್ತು. ತಿದ್ದುಪಡಿ ಎಲ್ಲಿಂದ ಬಂತು? ಜಕಾರ್ತದಲ್ಲಿರುವ ಆಸಿಯಾನ್ ಕಾರ್ಯಾಲಯದಿಂದ ಬರಲಿಲ್ಲ. ನಿಯಮಬಾಹಿರ ಮೀನುಗಾರಿಕೆಯ ಕಾರಣ ಮುಂದಿಟ್ಟು ಯುರೋಪಿಯನ್ ಒಕ್ಕೂಟವು 2015ರ ಏಪ್ರಿಲ್‌ನಲ್ಲಿ ಥಾಯ್ಲೆಂಡಿಗೆ ಎಚ್ಚರಿಕೆಯ ಹಳದಿ ಚೀಟಿಯನ್ನು ತೋರಿಸಿತು. ಆಮದು ನಿಂತುಹೋದೀತೆಂಬ ಭಯ ಹುಟ್ಟಿದ ಮೇಲೆ ಥಾಯ್ಲೆಂಡ್ ಕಾನೂನುಗಳನ್ನು ತಿದ್ದಿತು, ಬಂದರುಗಳಲ್ಲಿ ತಪಾಸಣೆಯನ್ನು ಬಿಗಿಗೊಳಿಸಿತು. 2019ರ ಜನವರಿಯಲ್ಲಿ ಆ ಚೀಟಿ ಹಿಂದಕ್ಕೆ ಹೋಯಿತು. ಅದೇ ತಿಂಗಳು ಮೀನುಗಾರಿಕೆಯ ದುಡಿಮೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯನ್ನು ಅನುಮೋದಿಸಿ, ಏಷ್ಯಾದಲ್ಲಿ ಹಾಗೆ ಮಾಡಿದ ಮೊದಲ ದೇಶವೆಂದು ಥಾಯ್ಲೆಂಡ್ ಹೆಸರು ಪಡೆಯಿತು. ಒಳ್ಳೆಯದೇ ಆಯಿತು. ಆದರೆ ನೆರೆಮನೆಯವನ ಅಳು ಕೇಳಿಸದ ಕಿವಿಗೆ ದೂರದ ಗಿರಾಕಿಯ ಗೊಣಗಾಟ ಕೇಳಿಸಿತೆಂದರೆ, ಆ ಕಿವಿಯನ್ನು ಏನೆಂದು ಕರೆಯೋಣ?

'ನಮ್ಮ ರೀತಿಯೇ ಹೀಗೆ' ಎಂಬ ನೆಪ

ಆಸಿಯಾನ್ ಸಮರ್ಥಕರು ಇದಕ್ಕೊಂದು ಸಿದ್ಧ ಉತ್ತರವನ್ನು ಇಟ್ಟುಕೊಂಡಿದ್ದಾರೆ. ನಮ್ಮದು ಸಹಮತದ ಮಾರ್ಗ, ಯಾರೂ ಇನ್ನೊಬ್ಬರ ಮನೆಯ ವಿಷಯಕ್ಕೆ ಕೈಹಾಕುವಂತಿಲ್ಲ, ಎಲ್ಲರೂ ಒಪ್ಪಿದಷ್ಟೇ ನಡೆಯುತ್ತದೆ ಎನ್ನುತ್ತಾರೆ. ವಸಾಹತುಶಾಹಿಯ ನೊಗ ಹೊತ್ತು ಬಳಲಿದ ದೇಶಗಳು ತಮ್ಮ ಸಾರ್ವಭೌಮತ್ವವನ್ನು ಜತನದಿಂದ ಕಾಯುವುದು ಸಹಜವೇ. ಸಿಂಗಾಪುರದ ತಲಾ ಆದಾಯ ವರ್ಷಕ್ಕೆ ಎಂಬತ್ತು ಸಾವಿರ ಡಾಲರುಗಳನ್ನು ಮೀರಿದೆ. ಮ್ಯಾನ್ಮಾರಿನದು ಸಾವಿರದ ಆಸುಪಾಸಿನಲ್ಲಿದೆ. ಇಂತಹ ಅಂತರವಿರುವಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲ ಬಾಗಿಲುಗಳನ್ನೂ ತೆರೆಯಲಾಗದೆಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಈ ನೆಪವು ಎಲ್ಲ ವಿಷಯಗಳಿಗೂ ಸಮನಾಗಿ ಅನ್ವಯವಾಗುತ್ತಿದೆಯೇ? ಸರಕಿನ ಒಪ್ಪಂದವನ್ನು ನೋಡಿರಿ. ಅದು ಎಲ್ಲ ಸದಸ್ಯರನ್ನೂ ಕಾನೂನಿನಂತೆ ಕಟ್ಟಿಹಾಕುತ್ತದೆ. ಯಾವ ಸರಕಿಗೆ ಯಾವ ವರ್ಷ ಎಷ್ಟು ಸುಂಕವೆಂಬ ಪಟ್ಟಿ ಪುಟಗಟ್ಟಲೆ ಇದೆ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತು ಏನಾಯಿತು? 2007ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಸೆಬು ನಗರದಲ್ಲಿ ಒಂದು ಘೋಷಣೆಯಾಯಿತು. ಅದನ್ನು ಕಾರ್ಯರೂಪಕ್ಕೆ ತರುವ ದಾಖಲೆ ಸಿದ್ಧವಾಗಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. 2017ರ ನವೆಂಬರಿನಲ್ಲಿ ಮನಿಲಾದಲ್ಲಿ ಸಹಿಯಾದ ಆ ದಾಖಲೆಯ ಹೆಸರು 'ಸಹಮತ'. ಅದು ಯಾರನ್ನೂ ಕಾನೂನಿನಂತೆ ಕಟ್ಟಿಹಾಕುವುದಿಲ್ಲ. ಸರಕಿಗೆ ಒಪ್ಪಂದ, ಮನುಷ್ಯನಿಗೆ ಸದಾಶಯ!

ರಕ್ಷಣೆ ಕೊಡುವ ಮನಸ್ಸಿದ್ದರೆ ದಾರಿ ಸಿಗುತ್ತದೆಂಬುದಕ್ಕೂ ಅಲ್ಲಿಯೇ ಸಾಕ್ಷಿಯಿದೆ. ಮಲೇಷ್ಯಾ ತನ್ನ ರಾಷ್ಟ್ರೀಯ ಕಾರಾದ ಪ್ರೋಟಾನನ್ನು ಕಾಪಾಡಿಕೊಳ್ಳಲು ಕಾರುಗಳ ಸುಂಕ ಇಳಿಕೆಯನ್ನು 2005ರವರೆಗೆ ಮುಂದೂಡಿಸಿಕೊಂಡಿತು. ಕಾರು ತಯಾರಿಸುವ ಥಾಯ್ಲೆಂಡ್ ಸಿಟ್ಟಾಯಿತು, ಮಾತುಕತೆಗಳು ನಡೆದವು, ಆದರೂ ಮಲೇಷ್ಯಾ ತನ್ನ ಹಟ ಬಿಡಲಿಲ್ಲ. ಒಂದು ಕಾರಿಗಾಗಿ ಒಂದು ಸರಕಾರ ಇಷ್ಟು ಹೋರಾಡಬಲ್ಲದಾದರೆ, ತನ್ನ ಮಗಳಿಗಾಗಿ ಇನ್ನೊಂದು ಸರಕಾರ ಏಕೆ ಹೋರಾಡಲಾರದು? ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಮ್ಯಾನ್ಮಾರ್‌ಗಳಿಂದ ಸಿಂಗಾಪುರಕ್ಕೆ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ವಾರಕ್ಕೊಂದು ದಿನ ರಜೆಯ ಹಕ್ಕು ಸಿಕ್ಕಿದ್ದು 2013ರಲ್ಲಿ. ಅದಕ್ಕೂ ಒಂದು ಕಿಂಡಿ ಉಳಿದಿತ್ತು. ರಜೆಗೆ ಬದಲಾಗಿ ಹಣ ಕೊಟ್ಟರೆ ಸಾಕಾಗಿತ್ತು. ಹಣಕ್ಕೆ ಬದಲಾಯಿಸಲಾಗದ ರಜೆ, ಅದೂ ತಿಂಗಳಿಗೆ ಒಂದೇ ಒಂದು ದಿನ, ಕಡ್ಡಾಯವಾಗಲು 2023ರ ತನಕ ಕಾಯಬೇಕಾಯಿತು. ವಾರದ ವಿಶ್ರಾಂತಿಯ ಬೆಲೆಯನ್ನು ಚಿಕ್ಕಂದಿನಿಂದಲೂ ಬಲ್ಲ ನಮ್ಮ ಕುಟುಂಬಗಳು ಈ ಸಂಗತಿಯನ್ನು ಒಂದು ಗಳಿಗೆ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸಲಿ.

ಹೊಗೆಗೆ ಸುಂಕವಿಲ್ಲ

ಸರಕಿನೊಂದಿಗೆ ಗಡಿ ದಾಟುವ ಇನ್ನೊಂದು ವಸ್ತುವಿದೆ, ಅದು ಹೊಗೆ. ಸುಮಾತ್ರ ಮತ್ತು ಬೋರ್ನಿಯೋ ದ್ವೀಪಗಳಲ್ಲಿ ತಾಳೆ ಎಣ್ಣೆಯ ಮತ್ತು ಕಾಗದದ ತಿರುಳಿನ ತೋಟಗಳಿಗಾಗಿ ಕಾಡನ್ನೂ ಜೌಗು ನೆಲವನ್ನೂ ಸುಡುತ್ತಾರೆ. 1997ರಲ್ಲಿ ಮತ್ತು 2015ರಲ್ಲಿ ಆ ಹೊಗೆ ಮಲೇಷ್ಯಾ, ಸಿಂಗಾಪುರಗಳ ಆಕಾಶವನ್ನು ವಾರಗಟ್ಟಲೆ ಮುಚ್ಚಿತು. ಶಾಲೆಗಳು ಮುಚ್ಚಿದವು, ಆಸ್ಪತ್ರೆಗಳು ತುಂಬಿದವು. ಆ ತೋಟಗಳಲ್ಲಿ ತೊಡಗಿದ ಬಂಡವಾಳದಲ್ಲಿ ಮಲೇಷ್ಯಾ, ಸಿಂಗಾಪುರಗಳ ಪಾಲೂ ಇದೆ. ಗಡಿಯಾಚೆಯ ಹೊಗೆಯನ್ನು ತಡೆಯುವ ಒಪ್ಪಂದಕ್ಕೆ 2002ರಲ್ಲಿ ಸಹಿಯಾಯಿತು. ಬೆಂಕಿ ಹೊತ್ತುವ ನೆಲವಾದ ಇಂಡೋನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ, ಹನ್ನೆರಡು ವರ್ಷಗಳ ಬಳಿಕ. ಲಾಭವು ಗಡಿಯನ್ನು ಒಂದು ದಿನದಲ್ಲಿ ದಾಟುತ್ತದೆ, ಹೊಣೆಗಾರಿಕೆ ದಾಟಲು ಹನ್ನೆರಡು ವರ್ಷಗಳು ಬೇಕು.

ಈ ಮಾತು ಓದುತ್ತ ನಾವು ನಿಟ್ಟುಸಿರು ಬಿಟ್ಟು ಪುಟ ತಿರುವಿದರೆ ಸಾಲದು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆಯನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಅದರ ಬಹುಪಾಲು ಬರುವುದು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ. ಬಿಸ್ಕತ್ತಿನಲ್ಲಿ, ಸಾಬೂನಿನಲ್ಲಿ, ಹೋಟೆಲಿನ ಬಾಣಲೆಯಲ್ಲಿ ಅದು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದೆ.

ನಮ್ಮ ಅಂಗಳಕ್ಕೂ ಬಂದ ಒಪ್ಪಂದ

ಆಸಿಯಾನ್ ಮತ್ತು ಭಾರತದ ನಡುವಣ ಸರಕು ವ್ಯಾಪಾರ ಒಪ್ಪಂದಕ್ಕೆ 2009ರ ಆಗಸ್ಟ್ 13ರಂದು ಬ್ಯಾಂಕಾಕ್‌ನಲ್ಲಿ ಸಹಿಯಾಯಿತು. 2010ರ ಜನವರಿ 1ರಿಂದ ಅದು ಜಾರಿಗೆ ಬಂತು. ಕಾಫಿ, ಚಹಾ, ಕರಿಮೆಣಸು, ತಾಳೆ ಎಣ್ಣೆಗಳನ್ನು 'ವಿಶೇಷ ಉತ್ಪನ್ನ'ಗಳೆಂದು ಗುರುತಿಸಿ, ಸುಂಕವನ್ನು ನಿಧಾನವಾಗಿ ಇಳಿಸುವುದೆಂದು ಒಪ್ಪಿಕೊಳ್ಳಲಾಯಿತು. ಕರಿಮೆಣಸಿನ ಸುಂಕ ನೂರಕ್ಕೆ ಎಪ್ಪತ್ತರಿಂದ ಐವತ್ತಕ್ಕೆ ಇಳಿಯಿತು. ಕೊಡಗು, ಹಾಸನ, ಚಿಕ್ಕಮಗಳೂರುಗಳ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹಾದಿ ಹಿಡಿದು ಇನ್ನೂ ಕಡಿಮೆ ಸುಂಕದಲ್ಲಿ ಒಳನುಗ್ಗುತ್ತಿದೆಯೆಂದು ಬೆಳೆಗಾರರು ದೂರಿದರು. ಕೇಂದ್ರ ಸರಕಾರವು 2017ರ ಡಿಸೆಂಬರಿನಲ್ಲಿ ಕಿಲೋವೊಂದಕ್ಕೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಬೇಕಾಯಿತು. ಎಲ್ಲಿಯೋ ದೂರದಲ್ಲಿ ಒತ್ತಿದ ಮುದ್ರೆ ನಮ್ಮ ಅಂಗಳದಲ್ಲಿ ಒಣಗಲು ಹರಡಿದ ಮೆಣಸಿನ ಮೇಲೆ ಹೇಗೆ ಬೀಳುತ್ತದೆಂಬುದನ್ನು ನಮ್ಮವರು ಅನುಭವದಿಂದ ಬಲ್ಲರು.

ಫಿಲಿಪ್ಪೀನ್ಸಿನ ಭತ್ತದ ರೈತನೂ ಅದನ್ನೇ ಬಲ್ಲ. ಅಲ್ಲಿ 2019ರ ಕಾನೂನೊಂದು ಅಕ್ಕಿಯ ಆಮದಿನ ಮೇಲಿದ್ದ ಪ್ರಮಾಣದ ಮಿತಿಯನ್ನು ತೆಗೆದು, ಆಸಿಯಾನ್ ದೇಶಗಳ ಅಕ್ಕಿಗೆ ನೂರಕ್ಕೆ 35 ಸುಂಕವನ್ನಷ್ಟೇ ಉಳಿಸಿತು. ವಿಯೆಟ್ನಾಮಿನ ಅಕ್ಕಿ ಹರಿದು ಬಂತು. ಭತ್ತದ ಬೆಲೆ ಕುಸಿಯಿತು. ನಗರದ ಬಡವನಿಗೆ ಅಗ್ಗದ ಅನ್ನ ಬೇಕೆಂಬುದೂ ನ್ಯಾಯವೇ ಆದ್ದರಿಂದ ಇದು ಸುಲಭದ ಪ್ರಶ್ನೆಯಲ್ಲ. 2024ರಲ್ಲಿ ಸುಂಕ 15ಕ್ಕೆ ಇಳಿಯಿತು. ರೈತರ ಕೂಗು ಹೆಚ್ಚಾದಾಗ 2025ರ ಸೆಪ್ಟೆಂಬರಿನಿಂದ ಕೆಲಕಾಲ ಆಮದನ್ನೇ ನಿಲ್ಲಿಸಲಾಯಿತು. ಒಮ್ಮೆ ರೈತನನ್ನೂ ಒಮ್ಮೆ ಉಣ್ಣುವವನನ್ನೂ ತೂಗುಯ್ಯಾಲೆಯಲ್ಲಿ ಕೂರಿಸಿ ತೂಗುವ ಈ ಆಟದಲ್ಲಿ, ನಡುವೆ ನಿಂತ ದೊಡ್ಡ ವರ್ತಕನು ಎಂದೂ ಕೆಳಗೆ ಬೀಳುವುದಿಲ್ಲ.

ಆದುದರಿಂದ ವಿಯೆಟ್ನಾಮಿನ ಮೆಣಸಿನ ರೈತನನ್ನು ನಮ್ಮ ಶತ್ರುವೆಂದು ಬಗೆಯಬೇಡಿರಿ. ಅವನೂ ಸಾಲ ಮಾಡಿ ಬಳ್ಳಿ ನೆಟ್ಟವನು, ಬೆಲೆ ಬಿದ್ದಾಗ ನಮ್ಮಂತೆಯೇ ನಿದ್ದೆಗೆಟ್ಟವನು. ಒಪ್ಪಂದ ಬರೆಯುವ ಮೇಜಿನ ಬಳಿ ಅವನಿಗೂ ಕುರ್ಚಿ ಇರಲಿಲ್ಲ, ನಮಗೂ ಇರಲಿಲ್ಲ.

ಇನ್ನೊಂದು ಮಾತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಿದ್ದಾರೆ. ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಒಪ್ಪಿಸುವುದೆಂದರೇನು, ಏಜೆಂಟನಿಗೆ ಕೊಟ್ಟ ಸಾಲವನ್ನು ತೀರಿಸುವ ಮೊದಲೇ ಕೆಲಸ ಹೋಗುವುದೆಂದರೇನು ಎಂಬುದನ್ನು ಆ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಹೊತ್ತಿಗೆ ನಮ್ಮ ಮೀನುದೋಣಿಗಳಲ್ಲಿ ಒಡಿಶಾ, ಜಾರ್ಖಂಡ್‌ಗಳ ಹುಡುಗರು ದುಡಿಯುತ್ತಿದ್ದಾರೆ. ನಮ್ಮ ಕಾಫಿ ತೋಟಗಳಲ್ಲಿ ಅಸ್ಸಾಮಿನ ಕುಟುಂಬಗಳು ಹಣ್ಣು ಕೊಯ್ಯುತ್ತಿವೆ. ನಮ್ಮ ಮಗನಿಗೆ ದೂರದೂರಿನಲ್ಲಿ ಸಿಗಬೇಕೆಂದು ನಾವು ಹಾರೈಸುವ ಮರ್ಯಾದೆಯನ್ನು ನಮ್ಮೂರಿಗೆ ಬಂದವರಿಗೆ ಕೊಡುತ್ತಿದ್ದೇವೆಯೇ? ಥಾಯ್ಲೆಂಡಿನವರನ್ನು ತೀರ್ಪಿಗೆ ನಿಲ್ಲಿಸುವ ಮುನ್ನ ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು.

ವ್ಯಾಪಾರ ತಾನಾಗಿ ಶಾಂತಿಯನ್ನು ತರದು

ಮಾರುಕಟ್ಟೆಗಳು ಬೆಸೆದರೆ ಮನಸ್ಸುಗಳೂ ಬೆಸೆಯುತ್ತವೆ, ಒಟ್ಟಿಗೆ ವ್ಯಾಪಾರ ಮಾಡುವವರು ಯುದ್ಧ ಮಾಡರು ಎಂಬ ನಂಬಿಕೆಯೊಂದು ಬಹಳ ಕಾಲದಿಂದ ಚಲಾವಣೆಯಲ್ಲಿದೆ. 2025ರ ಜುಲೈ 24ರಂದು ಆಸಿಯಾನ್‌ನ ಸದಸ್ಯರಾದ ಥಾಯ್ಲೆಂಡ್ ಮತ್ತು ಕಾಂಬೋಡಿಯಾಗಳು ಗಡಿಯಲ್ಲಿ ಫಿರಂಗಿ ಹಾರಿಸಿಕೊಂಡವು. ಐದು ದಿನಗಳಲ್ಲಿ ಹತ್ತಾರು ಜೀವಗಳು ಹೋದವು, ಲಕ್ಷಾಂತರ ಜನರು ಮನೆ ತೊರೆದರು. ಆ ವರ್ಷ ಒಕ್ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದ ಮಲೇಷ್ಯಾದ ಮಧ್ಯಸ್ಥಿಕೆಯಿಂದ ಕದನವಿರಾಮವಾಯಿತು. ಅಕ್ಟೋಬರಿನಲ್ಲಿ ಕೌಲಾಲಂಪುರದಲ್ಲಿ ಶಾಂತಿಯ ಒಪ್ಪಂದವೂ ಆಯಿತು. ಡಿಸೆಂಬರಿನಲ್ಲಿ ಮತ್ತೆ ಗುಂಡುಗಳು ಹಾರಿದವು. ಗಡಿಯ ದ್ವಾರಗಳು ಮುಚ್ಚಿದಾಗ ಮೊದಲು ಬರಿದಾದದ್ದು ಯಾರ ಕೈ? ಗಡಿಯ ಸಂತೆಯಲ್ಲಿ ಕೈಗಾಡಿ ತಳ್ಳುತ್ತಿದ್ದವರ ಕೈ. ಥಾಯ್ಲೆಂಡಿನಲ್ಲಿ ದುಡಿಯುತ್ತಿದ್ದು, ಭಯದಿಂದ ಗಂಟು ಕಟ್ಟಿಕೊಂಡು ಲಕ್ಷಗಳ ಸಂಖ್ಯೆಯಲ್ಲಿ ಊರಿಗೆ ಮರಳಿದ ಕಾಂಬೋಡಿಯಾದ ಕೂಲಿಗಳ ಕೈ.

ನಾನು ಇದರಿಂದ ತಿಳಿಯುವ ಪಾಠವಿಷ್ಟು. ಸರಕಿನ ಸಂಬಂಧ ಲಾಭವಿರುವ ತನಕ ಬಾಳುತ್ತದೆ. ನೆರೆಯವನ ಮಗನಿಗೆ ನಮ್ಮ ನೆಲದಲ್ಲಿ ಹಕ್ಕಿದೆ, ನಮ್ಮ ಮಗಳಿಗೆ ಅವನ ನೆಲದಲ್ಲಿ ಹಕ್ಕಿದೆ ಎಂಬಲ್ಲಿಗೆ ಸಂಬಂಧ ಮುಟ್ಟಿದರೆ ಮಾತ್ರ ಫಿರಂಗಿ ಹಾರಿಸುವ ಮೊದಲು ಕೈ ನಡುಗುತ್ತದೆ.

ಹಾಗಾದರೆ ಏನಾಗಬೇಕು?

ಎಲ್ಲ ಗಡಿಗಳನ್ನೂ ನಾಳೆಯೇ ಅಳಿಸಿಬಿಡಿರೆಂದು ನಾನು ಹೇಳುವುದಿಲ್ಲ. ಯುರೋಪ್ ಕೂಡ ಹಾಗೆ ಮಾಡಲಿಲ್ಲ. 2004ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ಪೋಲೆಂಡ್ ಮೊದಲಾದ ದೇಶಗಳ ಕಾರ್ಮಿಕರಿಗೆ ಎಲ್ಲ ಹಳೆಯ ಸದಸ್ಯ ದೇಶಗಳ ಬಾಗಿಲು ಪೂರ್ತಿ ತೆರೆಯಲು ಏಳು ವರ್ಷಗಳ ಗಡುವಿತ್ತು. 2011ರಲ್ಲಿ ಅದು ತೆರೆಯಿತು. ಮುಖ್ಯವಾದುದು ಆ ಗಡುವು. ಇಂತಿಷ್ಟು ವರ್ಷದೊಳಗೆ ಎಂಬ ಮಾತು ಸುಂಕದ ಪಟ್ಟಿಯಲ್ಲಿ ಇರಬಹುದಾದರೆ ಕಾರ್ಮಿಕನ ವಿಷಯದಲ್ಲಿಯೂ ಇರಬಹುದು.

ಕೆಲಸ ಕೊಡಿಸುವ ದಲ್ಲಾಳಿಯ ಶುಲ್ಕವನ್ನು ಕಾರ್ಮಿಕನು ಕಟ್ಟುವಂತಿರಬಾರದು. ಕೆಲಸ ಮಾಡಿಸಿಕೊಳ್ಳುವವನು ಕಟ್ಟಲಿ. ಪರವಾನಗಿಯನ್ನು ಒಬ್ಬನೇ ಮಾಲೀಕನಿಗೆ ಗಂಟು ಹಾಕಬಾರದು. ಹೊಡೆಯುವ ಮಾಲೀಕನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದಲ್ಲಿ ಉಳಿದ ಹಕ್ಕುಗಳೆಲ್ಲ ಕಾಗದದ ಹೂವು. ಒಂದು ದೇಶದಲ್ಲಿ ಕಟ್ಟಿದ ಭವಿಷ್ಯನಿಧಿ ಮತ್ತು ವಿಮೆಯ ಫಲ ಊರಿಗೆ ಮರಳಿದಾಗಲೂ ಸಿಗಬೇಕು. ಕೂಲಿ ಕೊಡದವನ ಮೇಲೆ ದೂರು ಕೊಟ್ಟರೆ ಗಡಿಪಾರಾಗುವ ಭಯ ಇರಬಾರದು. ಈ ನಾಲ್ಕು ಬೇಡಿಕೆಗಳಲ್ಲಿ ಯಾವುದೂ ಯಾವ ದೇಶದ ಸಾರ್ವಭೌಮತ್ವವನ್ನೂ ಕಸಿಯುವುದಿಲ್ಲ. ಇವನ್ನು 'ಸಹಮತ'ದ ಮೃದು ಹಾಸಿಗೆಯಿಂದ ಎತ್ತಿ, ಸರಕಿನ ಒಪ್ಪಂದದ ಹಾಗೆ ಕಟ್ಟುಪಾಡಿನ ಒಪ್ಪಂದವನ್ನಾಗಿ ಮಾಡಬೇಕು. ಹಾಗೆ ಮಾಡದ ತನಕ 'ಸಮುದಾಯ' ಎಂಬ ಪದವನ್ನು ತಮ್ಮ ಹೆಸರಿನಿಂದ ತೆಗೆದಿಡುವ ಪ್ರಾಮಾಣಿಕತೆಯನ್ನಾದರೂ ಆ ಸರಕಾರಗಳು ತೋರಲಿ.

ಕಡೆಯದಾಗಿ ತಿಮೋರ್ ಲೆಸ್ತೆಯನ್ನು ನೆನೆಯೋಣ. ಅಪಾರ ರಕ್ತ ಹರಿಸಿ 2002ರ ಮೇ 20ರಂದು ಸ್ವತಂತ್ರವಾದ ಸುಮಾರು ಹದಿನಾಲ್ಕು ಲಕ್ಷ ಜನರ ಪುಟ್ಟ ನಾಡು ಅದು. 2011ರಲ್ಲಿ ಆಸಿಯಾನ್‌ಗೆ ಅರ್ಜಿ ಹಾಕಿ, ಹದಿನಾಲ್ಕು ವರ್ಷ ಬಾಗಿಲಲ್ಲಿ ನಿಂತು, 2025ರಲ್ಲಿ ಒಳಗೆ ಬಂದಿದೆ. ಸಮುದ್ರದಡಿಯ ತೈಲ ಮತ್ತು ಅನಿಲದ ಹಣ ಕರಗುತ್ತಿದೆ. ಅದನ್ನು ಬಿಟ್ಟರೆ ಹೊರಗೆ ಮಾರಲು ಆ ನಾಡಿನಲ್ಲಿರುವ ಮುಖ್ಯ ವಸ್ತು, ನಮ್ಮ ಮಲೆನಾಡಿನಲ್ಲಿರುವಂತೆಯೇ, ಕಾಫಿ. ಜನರಲ್ಲಿ ಬಹುಪಾಲು ಯುವಕರು. ಅವರು ಈಗಾಗಲೇ ಆಸ್ಟ್ರೇಲಿಯಾದ ತೋಟಗಳಿಗೂ ದಕ್ಷಿಣ ಕೊರಿಯಾದ ಕಾರ್ಖಾನೆಗಳಿಗೂ ಕೂಲಿಗೆ ಹೋಗುತ್ತಿದ್ದಾರೆ.

ಇನ್ನು ಮುಂದೆ ಆ ನಾಡಿನ ಕಾಫಿಬೀಜದ ಚೀಲಕ್ಕೆ ನಮೂನೆ ಡಿ ಸಿಗುತ್ತದೆ. ಸುಂಕವಿಲ್ಲದೆ, ತಡೆಯಿಲ್ಲದೆ, ಸೇತುವೆಯ ಮೇಲೆ ಅದು ಸಾಗುತ್ತದೆ. ಆ ಚೀಲವನ್ನು ಹೊತ್ತ ಹುಡುಗನು ಅದೇ ಸೇತುವೆಯ ಮೇಲೆ ತಲೆಯೆತ್ತಿ ನಡೆಯುವನೋ, ಇಲ್ಲವೇ ಕೆಳಗಿನ ಹೊಳೆಯಲ್ಲಿ ಟ್ಯೂಬು ಹಿಡಿದು ತೇಲುವನೋ? ಆಸಿಯಾನ್ ನಿಜವಾಗಿ ಒಂದು ಸಮುದಾಯವೇ ಅಲ್ಲವೇ ಎಂಬುದನ್ನು ನಾನು ಅಂಕಿಅಂಶಗಳಿಂದ ಅಳೆಯಲಾರೆ. ಆ ಹುಡುಗನು ದಾಟುವ ಬಗೆಯನ್ನು ನೋಡಿ ಅಳೆಯುತ್ತೇನೆ. ನೀವೂ ಹಾಗೆಯೇ ಅಳೆಯಿರಿ.